ಪಂಪು ಮೇಡಂ ಆಫ್ ಮಾಡಿದ ಕಂಪ್ಯೂಟರು

ಸೈಕಲ್ ಪಂಪಿನಿಂದ ಕಂಪ್ಯೂಟರಿನ ಹೊಟ್ಟೆಯ ಧೂಳು ಹಾರಿಸುತ್ತಿದ್ದುದಕ್ಕೆ ಆಕೆಗೆ ಪಂಪು ಮೇಡಂ ಎಂಬ ಹೆಸರು ಬಿತ್ತು. ಕಲಿಸುತ್ತಿದ್ದುದು ಗಣಿತ. ಒಂದು ಸಲ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದುಕೊಟ್ಟ ತಪ್ಪಿಗೆ ಶಾಲೆಯ ಕಂಪ್ಯೂಟರುಗಳೆಲ್ಲ ಆಕೆಯ ಕೊರಳಿಗೆ ಬಿದ್ದವು. ಕೆಲಸ ಗುತ್ತಿಗೆಯದು. ಪ್ರತಿ ವರ್ಷ ದೊಡ್ಡ ರಜೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡನ ಕಾರ್ಖಾನೆಗೆ ಬೀಗ ಬಿದ್ದಿತ್ತು. ಮಗಳು ಅದೇ ಶಾಲೆಯಲ್ಲಿ, ಶಿಕ್ಷಕಿಯ ಮಗಳೆಂಬ ಲೆಕ್ಕದಲ್ಲಿ ಫೀಸಿಲ್ಲದೆ ಓದುತ್ತಿದ್ದಳು. ತಾಯಿಯ ಕೆಲಸ ಹೋದರೆ ಮಗಳ ಬೆಂಚೂ ಹೋಯಿತು.

ಹಿಂದಿನ ವರ್ಷದ ರಜೆಯಲ್ಲಿ ಎರಡು ಯಂತ್ರ ಸುಟ್ಟಿದ್ದವು. ಕಾರಣ ಆಕೆಯೇ ಹೊಲಿದ ಕವರು. ಧೂಳು ಕೂರದಿರಲೆಂದು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹೊಲಿದುಕೊಟ್ಟಿದ್ದಳು. ಮೇಷ್ಟ್ರುಗಳು ಪರದೆಯ ಗುಂಡಿ ಒತ್ತಿ, ಅದು ಕಪ್ಪಾದ ಕೂಡಲೇ ಕಂಪ್ಯೂಟರು ಆಫ್ ಆಯಿತೆಂದುಕೊಂಡು, ಕವರು ಹೊದಿಸಿ ಮನೆಗೆ ನಡೆದಿದ್ದರು. ಕೆಳಗಿನ ಪೆಟ್ಟಿಗೆ ರಜೆ ಪೂರ್ತಿ ಒಳಗೊಳಗೇ ಬೆಂದಿತು.

"ಇನ್ನೊಂದು ಹೋದ್ರೆ ನೀನೂ ಹೋದೆ ಅಂತ ತಿಳ್ಕೊ" ಎಂದಿದ್ದರು ಮುಖ್ಯೋಪಾಧ್ಯಾಯರು.

ಈ ಸಲ ಕೊನೆಯ ದಿನ ಆಕೆ ಒಂದು ಕೋಣೆಯನ್ನೂ ಬಿಡಲಿಲ್ಲ. ಫೈಲು ಮುಚ್ಚಿಸಿ, ಬೇಕಾದ್ದನ್ನು ಪೆನ್‌ಡ್ರೈವಿಗೆ ಹಾಕಿಸಿ, ಪೆಟ್ಟಿಗೆಗೆ ಕಿವಿಯಿಟ್ಟು ಫ್ಯಾನು ನಿಂತದ್ದು ಖಾತ್ರಿಯಾದ ಮೇಲೆಯೇ ಪ್ಲಗ್ಗು ಕಿತ್ತಳು.

"ಏನ್ ಪಂಪು, ನಾಡಿ ನೋಡ್ತಿದೀಯಾ?" ಎಂದರು ಚರಿತ್ರೆ ಮೇಷ್ಟ್ರು.

"ಹೂಂ ಸಾರ್, ನಿಮ್ದು ಇನ್ನೂ ಉಸಿರಾಡ್ತಿದೆ. ಕೂತ್ಕೊಳ್ಳಿ, ಮುಗಿಸಿ ಹೋಗಿ."

"ಬಸ್ಸು ತಪ್ಪುತ್ತೆ ಮಹಾತಾಯಿ!"

ಮುಖ್ಯೋಪಾಧ್ಯಾಯರ ಕೋಣೆಗೆ ಬರುವಷ್ಟರಲ್ಲಿ ಅವರು ಬೀಗ ಜಡಿದು, ಕೀಲಿ ಜೇಬಿಗಿಳಿಸಿ ಹೊರಟುಹೋಗಿದ್ದರು. ಕಿಟಕಿಯ ಹತ್ತಿರ ನಿಂತು ಕೇಳಿದಳು. ಕವರಿನೊಳಗೆ ಫ್ಯಾನು ಗುಂಯ್‌ಗುಡುತ್ತಿತ್ತು. ಮೇನ್ ಸ್ವಿಚ್ಚೂ ಅದೇ ಕೋಣೆಯೊಳಗೆ. ಫೋನು ಮಾಡಿದಳು.

"ಆಫ್ ಮಾಡಿದೀನಮ್ಮ, ನಾನೇ ಒತ್ತಿದೀನಿ."

"ಅದು ಪರದೆ ಗುಂಡಿ ಸಾರ್. ಪೆಟ್ಟಿಗೆ ಓಡ್ತಾನೇ ಇದೆ."

"ನನಗೆ ಹೇಳ್ಕೊಡಬೇಡ." ಫೋನು ಕಟ್ಟಾಯಿತು.

ನಕಾಶೆ ನೇತುಹಾಕುವ ಉದ್ದನೆಯ ಕೋಲು ತಂದಳು. ಜವಾನ ಕಿಟಕಿಯ ಬಾಗಿಲು ಹಿಡಿದುಕೊಂಡ. ಸರಳುಗಳ ಸಂದಿಯಿಂದ ಕೋಲು ತೂರಿಸಿ ಕವರಿನ ಅಂಚನ್ನು ಗುಂಡಿ ಕಾಣುವಷ್ಟು ಸರಿಸಿದಳು, ಪೂರ್ತಿ ಕಳಚಲು ಕೋಲಿನಿಂದ ಆಗಲಿಲ್ಲ.

"ಯಾರಾದ್ರೂ ನೋಡಿದ್ರೆ ಕಳ್ಳರು ಅಂತಾರೆ ಮೇಡಂ."

"ಕಳ್ಳರಿಗೆ ಇಷ್ಟು ಕಷ್ಟ ಇರಲ್ಲ ಬಿಡಣ್ಣ."

ಪೆಟ್ಟಿಗೆಯ ಗುಂಡಿಯನ್ನು ಕೋಲಿನ ತುದಿಯಿಂದ ಮೆಲ್ಲಗೆ ತಟ್ಟಿದಳು. ಹಾಗೆ ತಟ್ಟಿದರೆ ಯಂತ್ರ ತಾನೇ ಎಲ್ಲ ಕಟ್ಟಿಟ್ಟು ಮಲಗಬೇಕು. ಮಲಗಲಿಲ್ಲ. ಯಾವುದೋ ಫೈಲು ತೆರೆದೇ ಇದೆ, ಕಪ್ಪು ಪರದೆಯ ಹಿಂದೆ ಯಂತ್ರ ಉಳಿಸಲೋ ಬಿಡಲೋ ಎಂದು ಕೇಳುತ್ತಾ ಕೂತಿದೆ. ಉತ್ತರ ಕೊಡೋಣವೆಂದರೆ ಕೀಬೋರ್ಡು ಮೇಜಿನ ಡ್ರಾಯರಿನೊಳಗೆ. ಮತ್ತೆ ಫೋನು.

"ಸಾರ್, ಫೈಲು ಸೇವ್ ಮಾಡಿದೀರಾ?"

"ಸೇವ್ ಗೀವ್ ಗೊತ್ತಿಲ್ಲ. ವಾರ್ಷಿಕ ವರದಿ ಅದು, ಬೆಳಗಿಂದ ಒಂದೇ ಬೆರಳಲ್ಲಿ ಕುಟ್ಟಿದೀನಿ. ಮುಟ್ಟಿದ್ರೆ ನೋಡು!"

"ಹಂಗಿದ್ರೆ ವಾಪಸ್ ಬಂದು ಬಾಗಿಲು ತೆಗೀರಿ ಸಾರ್, ಕೈ ಮುಗೀತೀನಿ. ಬಿಟ್ರೆ ವರದೀನೂ ಸುಟ್ಟುಹೋಗುತ್ತೆ."

"ರಜೆ ಮುಗೀಲಿ, ನೋಡೋಣ."

ಮುಟ್ಟದಿದ್ದರೆ ಯಂತ್ರ ಸುಡುತ್ತದೆ, ಕೆಲಸ ಹೋಗುತ್ತದೆ. ಮುಟ್ಟಿದರೆ ವರದಿ ಅಳಿಯುತ್ತದೆ, ಕೆಲಸ ಹೋಗುತ್ತದೆ. ಆಕೆ ಸರಳಿಗೆ ಹಣೆಯೊತ್ತಿ ನಿಂತಳು. ಜವಾನ ಕಿಟಕಿಯ ಬಾಗಿಲು ಬಿಟ್ಟು ದೂರ ಸರಿದ, ಅವನಿಗೂ ಸಂಸಾರವಿತ್ತು. ಕೊನೆಗೆ ಕೋಲಿನ ತುದಿಯನ್ನು ಗುಂಡಿಯ ಮೇಲಿಟ್ಟು, ಯಂತ್ರ ಏನನ್ನೂ ಕೇಳದೆ ಆರುವವರೆಗೂ ಒತ್ತಿ ಹಿಡಿದಳು. ಫ್ಯಾನು ನಿಂತಿತು.

ಶಾಲೆ ತೆರೆದ ದಿನ ಕಂಪ್ಯೂಟರು ಒಂದೇ ಒತ್ತಿಗೆ ಎದ್ದಿತು. ವರದಿ ಇರಲಿಲ್ಲ. ಸಹಿಯೂ ಬೀಳಲಿಲ್ಲ.

ಶಿಕ್ಷಕರ ಸಂಘದಿಂದ ನಾವು ಕೆಲವರು ಆಕೆಯನ್ನು ಕರೆದುಕೊಂಡು ಜಗಳಕ್ಕೆ ಹೋದೆವು. ಜಗಳದಲ್ಲಿ ಪಳಗಿದ ಬಾಯಿಗಳು ನಮ್ಮವು. ಯಂತ್ರ ಉಳಿಸಿದವಳಿಗೆ ಇದೇ ಬಹುಮಾನವೇ ಎಂದು ಮೇಜು ಗುದ್ದಿದೆವು. ಮುಖ್ಯೋಪಾಧ್ಯಾಯರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು.

"ನೋಡ್ರಿ, ಚೆನ್ನಾಗೇ ಇದೆಯಲ್ಲ? ಏನೂ ಆಗದೇ ಇರೋದಕ್ಕೆ ಇವಳು ಯಾಕೆ ಕೋಲು ಹಾಕಬೇಕಿತ್ತು?"

ಸುಟ್ಟಿದ್ದರೆ ತೋರಿಸಬಹುದಿತ್ತು. ಸುಡದೇ ಉಳಿದದ್ದನ್ನು ತೋರಿಸುವುದು ಹೇಗೆ?

"ಬನ್ನಿ, ಸಾಕು" ಎಂದಳು ಆಕೆ. ನಾವು ಹೊರಗೆ ನಿಂತೆವು. ಆಕೆ ಮಗಳ ತರಗತಿಗೆ ಹೋಗಿ, ಪಾಠದ ನಡುವೆಯೇ ಹುಡುಗಿಯನ್ನು ಎಬ್ಬಿಸಿ ಕರೆದುಕೊಂಡು ಬಂದಳು.