ಅಕ್ಕ ಬಿಟ್ಟ ಅನ್ನ

ಮಣಿಪಾಲದಲ್ಲಿ ಬೆಳಗ್ಗೆ ವಾಕಿಂಗ್ ಹೋಗುವವರಿಗೆಂದೇ ಒಬ್ಬರು ರಸ್ತೆ ಬದಿಯಲ್ಲಿ ಹಾಗಲಕಾಯಿಯ, ಬೂದುಗುಂಬಳದ ರಸ ಮಾರುತ್ತಾರೆ. ನಾನೂ ದಿನಾ ಆ ದಾರಿಯಲ್ಲೇ ನಡೆಯುತ್ತೇನೆ. ವಾಪಸು ಬರುವಾಗ ಗೋಳಿಬಜೆ ತಿಂದು, ಕರಗಿಸಿದ್ದನ್ನೆಲ್ಲ ಮತ್ತೆ ತುಂಬಿಸಿಕೊಳ್ಳುತ್ತೇನೆ. ನನ್ನಂಥವಳಿಗೆ ಆ ರಸದ ಗೊಡವೆಯಿಲ್ಲ. ಆದರೆ ಮೊನ್ನೆ ಅದರ ಹಸಿ ವಾಸನೆ ಮೂಗಿಗೆ ಬಡಿದಾಗ ಕಾಪುವಿನ ಅಕ್ಕನ ಅಡುಗೆಮನೆ ನೆನಪಾಗಿ, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಅಮ್ಮ ತೀರಿಕೊಂಡ ಮೇಲೆ ನಮಗೆಲ್ಲ ಅಕ್ಕನೇ ಹಿರಿಯವಳು. ಅವಳ ಕೈಯ ಬಂಗುಡೆ ಮೀನಿನ ಸಾರು ಉಣ್ಣಲಿಕ್ಕೆಂದೇ ನಾನು ಬಸ್ಸು ಹತ್ತಿ ಹೋಗುತ್ತಿದ್ದ ದಿನಗಳಿದ್ದವು. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಸಮಯಕ್ಕೆ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಶನ್, ಔಷಧಿ, ಕೂದಲು ಉದುರಿದ್ದು, ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದಳು. ಎಲ್ಲ ಮುಗಿದು, ಸದ್ಯಕ್ಕೆ ರೋಗವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಶುರುವಾಯಿತು ನೋಡಿ ಅವಳ ಪಥ್ಯ.

ಮೊದಲು ಮೀನು ಬಿಟ್ಟಳು. ಆಮೇಲೆ ಸಕ್ಕರೆ, ಹಾಲು, ತೆಂಗಿನಕಾಯಿ. ಯಾರೋ ಪೇಪರಿನಲ್ಲಿ ಓದಿದ್ದನ್ನು ಹೇಳಿದರು, ಉಪ್ಪು ಹೋಯಿತು. ಕೊನೆಗೆ ಅನ್ನವೂ ಹೋಯಿತು. ಮದುವೆಮನೆಗೆ ಬಂದರೆ ಬೇಯಿಸಿದ ಬೂದುಗುಂಬಳದ ಡಬ್ಬಿ ಚೀಲದಲ್ಲಿ.

"ಎಂತದಕ್ಕೆ ಅಕ್ಕ ಹೀಗೆ?" ಎಂದು ಕೇಳಿದೆ.

"ಕಂಡದ್ದೆಲ್ಲ ತಿಂದೇ ಅಲ್ವಾ ನನಗೆ ಬಂದದ್ದು? ಇನ್ನು ಬಾಯಿ ಕಟ್ಟಿದರೆ ಬರ್ಲಿಕ್ಕಿಲ್ಲ."

ಕೈಯಲ್ಲಿ ಬಳೆ ನಿಲ್ಲದಷ್ಟು ಸೊರಗಿದಳು. ರೋಗ ಮರಳಿತೆಂದು ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ರಿಪೋರ್ಟು ನೋಡಿ, "ರೋಗ ಇಲ್ಲ. ಇವರು ಹಸಿದಿದ್ದಾರೆ. ಹೀಗೇ ಆದರೆ ಹಸಿವೇ ಇವರನ್ನು ಕೊಂಡುಹೋಗ್ತದೆ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಮುಖ ಅರಳಿತ್ತು. "ನೋಡಿದ್ಯಾ, ಪಥ್ಯ ಮಾಡಿದ್ದಕ್ಕೆ ರಿಪೋರ್ಟು ಒಳ್ಳೆದು ಬಂತು" ಎಂದಳು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದು ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಆ ವರ್ಷದ ಹೊಸ ಅಕ್ಕಿ ಊಟಕ್ಕೆ ಕಾರ್ಕಳದ ನೆಂಟರ ಗದ್ದೆಯಿಂದ ಭತ್ತ ಬಂದಿತ್ತು. ಆ ದಿನ ಕಿರಿಯರು ಎಲೆಯ ಮುಂದೆ ಕುಳಿತು ಹಿರಿಯರನ್ನು "ಉಣ್ಣಲಾ?" ಎಂದು ಕೇಳಬೇಕು, ಅವರು ಉಣ್ಣು ಎಂದ ಮೇಲೆಯೇ ತುತ್ತೆತ್ತುವುದು. ಅಷ್ಟೂ ಅಡುಗೆ ಮಾಡಿ ಬಡಿಸಿದ ಅಕ್ಕ, ಬರೀ ಬೂದುಗುಂಬಳದ ಹೋಳು ಹಾಕಿಕೊಂಡು ಕುಳಿತಳು. ನಾವು ಒಬ್ಬೊಬ್ಬರಾಗಿ ಕೇಳಿದೆವು, ಅವಳು ಉಣ್ಣು ಎಂದಳು. ಕಾಲೇಜಿಗೆ ಹೋಗುತ್ತಿದ್ದ ಅವಳ ಮಗಳು ರಮ್ಯಾ ಮಾತ್ರ ಅನ್ನ ಮುಟ್ಟಲಿಲ್ಲ.

"ಅಮ್ಮ, ನಿನಗೆ ಬಂದದ್ದು ನನಗೂ ಬರಬಹುದು ಅಂತಾರಲ್ಲ. ನೀನು ಬಿಟ್ಟದ್ದನ್ನು ನಾನು ಉಣ್ಣಬಹುದಾ?"

ಅದು ಕುಹಕವಲ್ಲ, ಅವಳು ನಿಜವಾಗಿಯೂ ಹೆದರಿದ್ದಳು. ಅವಳ ಕೈಯೂ ಕಡ್ಡಿಯಂತಾಗಿದ್ದದ್ದು ನನಗೆ ಕಂಡದ್ದು ಆಗಲೇ. ಅಕ್ಕನಿಗೂ ಆಗಲೇ ಕಂಡಿರಬೇಕು. ಅಕ್ಕ ಎದ್ದು ಬಂದು ಮಗಳ ಎಲೆಯಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟಳು. ನುಂಗಲಿಕ್ಕೆ ತುಂಬ ಹೊತ್ತು ಹಿಡಿಯಿತು.

"ಉಣ್ಣು ಮಗಾ" ಎಂದಳು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ಅನ್ನ, ಉಪ್ಪು ಒಂದೊಂದೇ ಮರಳಿ ಬಂದವು, ಹೆದರುತ್ತ ಹೆದರುತ್ತಲೇ. ಅವಳ ಮೈಯೂ ಸ್ವಲ್ಪ ತುಂಬಿತು. ಕೆಲವು ವರ್ಷಗಳ ನಂತರ ರೋಗವೂ ಮರಳಿತು. ಕೊನೆಯ ದಿನಗಳಲ್ಲಿ ಅವಳು ಆಸ್ಪತ್ರೆಗೆ ಹತ್ತಿರವೆಂದು ನನ್ನ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿದಳು, "ನಾನು ಅನ್ನ ಉಂಡದ್ದಕ್ಕಾ?"

"ಅಲ್ಲ ಅಕ್ಕ. ಆಗ ಬಂದದ್ದೂ ತಿಂದದ್ದಕ್ಕಲ್ಲ, ಈಗ ಬಂದದ್ದೂ ಉಂಡದ್ದಕ್ಕಲ್ಲ. ನಿನ್ನ ತಪ್ಪು ಎಂತದೂ ಇಲ್ಲ."

ಅಷ್ಟು ವರ್ಷದ ಕಾಯಿಲೆಯಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅಂದೇ. ಅತ್ತು ಮುಗಿದ ಮೇಲೆ, "ಹಾಗಾದರೆ ಸ್ವಲ್ಪ ಗಂಜಿ ಕೊಡು. ಉಪ್ಪಿನಕಾಯಿಯೂ ಇರ್ಲಿ" ಎಂದಳು.

ಮೊನ್ನೆ ಕಟ್ಟೆಯ ಮೇಲಿಂದಲೇ ರಮ್ಯಾಗೆ ಫೋನು ಮಾಡಿದೆ. "ಎಂತ ಚಿಕ್ಕಮ್ಮ, ಇಷ್ಟು ಬೇಗ?" ಎಂದಳು. ತಿಂಡಿ ಆಯ್ತಾ ಎಂದೆ. ನಾವು ಆ ಮಾತನ್ನು ಎದುರು ಸಿಕ್ಕವರಿಗೆಲ್ಲ ಕೇಳುತ್ತೇವೆ, ಉತ್ತರಕ್ಕೆ ಕಾಯುವುದಿಲ್ಲ. ಮೊನ್ನೆ ನಾನು ಕಾದೆ.

"ದೋಸೆ ತಿಂತಾ ಇದ್ದೇನೆ" ಎಂದಳು, ಬಾಯಿ ತುಂಬಿಕೊಂಡೇ.