ದೀಪ ಹಚ್ಚುವುದರೊಳಗೆ

ಅಪ್ಪನ ಕೈಗಳ ಮೇಲೆ ನಿಂಬೆ ಮುಳ್ಳಿನ ಗೀರುಗಳಿಲ್ಲದ ದಿನವನ್ನು ನಾನು ನೋಡಿಲ್ಲ. ಹಳೆಯವು ಕಪ್ಪಗೆ, ಹೊಸವು ಕೆಂಪಗೆ, ಮೊಣಕೈವರೆಗೂ. ನಮ್ಮೂರು ಇಂಡಿಯ ಸುತ್ತ ನಿಂಬೆ ತೋಟ ಗುತ್ತಿಗೆ ಹಿಡಿದು ಕಾಯಿ ಕೀಳಿಸಿ ಮಾರುತ್ತಿದ್ದ. ಆಳುಗಳಿದ್ದರೂ ತಾನೇ ಗಿಡದೊಳಗೆ ಕೈ ಹಾಕುವವನು. ನನ್ನ ಕೆನ್ನೆ ಮುಟ್ಟುವ ಮೊದಲು ಮಾತ್ರ ಆ ಕೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಳ್ಳುತ್ತಿದ್ದ.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅಪ್ಪ ಅವ್ವ ಕೋರ್ಟಿನಲ್ಲಿ ಬೇರೆಯಾದರು. ನಾನು ಅವ್ವನ ಜೊತೆ ಸಿಂದಗಿಯ ತವರುಮನೆಗೆ ಬಂದೆ. ಅಪ್ಪನ ಪಾಲಿಗೆ ಬಂದದ್ದು ರವಿವಾರ ಒಂದೇ. ಕೋರ್ಟು ‘ಸಂಜೆಯವರೆಗೆ’ ಎಂದಿತ್ತು. ಅವ್ವನ ಅಪ್ಪ, ಅಂದರೆ ನನ್ನ ಮುತ್ಯಾ, ಅದನ್ನು ಇನ್ನಷ್ಟು ಬಿಗಿದ: “ದೀಪ ಹಚ್ಚೂದರಾಗ ಹುಡುಗಿ ಮನಿಯಾಗಿರಬೇಕು. ತಪ್ಪಿದ್ರ ಮುಂದಿನ ವಾರ ಬರಬ್ಯಾಡ.”

“ಆತ್ರಿ” ಎಂದ ಅಪ್ಪ.

ಅಳಿಯನಾಗಿದ್ದಾಗ ಕಾಲಿಗೆ ನೀರು ಕೊಟ್ಟ ಮನೆಯಲ್ಲಿ ಈಗ ಕುಡಿಯಲು ನೀರು ಬೇಕೇ ಎಂದೂ ಯಾರೂ ಕೇಳುತ್ತಿರಲಿಲ್ಲ. ಅಪ್ಪ ನೀರಿನ ಬಾಟಲಿ ಹಿಡಿದುಕೊಂಡೇ ಬಂದು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. “ನೀ ಯಾಕ ಏನೂ ಅನ್ನಂಗಿಲ್ಲ?” ಎಂದು ಕೇಳಿದರೆ, “ಅವರು ನಿನ್ನ ಸಾಕಾಕತ್ತಾರ. ನಾ ಜಗಳಾ ಮಾಡಿ ಹೋದ್ರ ಅದರ ಕಾವು ವಾರಪೂರ್ತಿ ನಿನಗ ತಟ್ಟತೈತಿ” ಎನ್ನುತ್ತಿದ್ದ. ಅವ್ವನ ಬಗ್ಗೆ ಒಂದು ಕೆಟ್ಟ ಮಾತು ಅವನ ಬಾಯಿಂದ ಬರಲಿಲ್ಲ. ನಾನು ಆಡಿದರೆ ತಲೆಗೆ ಮೊಟಕುತ್ತಿದ್ದ.

ಒಂದು ಶ್ರಾವಣದಲ್ಲಿ ನನ್ನನ್ನು ಇಂಡಿಗೆ ಕರೆದೊಯ್ದಿದ್ದ. ಮಧ್ಯಾಹ್ನ ಜ್ವರ ಬಂತು. “ಇವತ್ತ ಇಲ್ಲೇ ಇರ್ತೇನಪ್ಪಾ” ಎಂದು ಅವನ ಹಾಸಿಗೆ ಹಿಡಿದು ಅತ್ತೆ. ಅಪ್ಪನೂ ಅತ್ತ. ಅಳುತ್ತಲೇ ನನ್ನ ಕಾಲಿಗೆ ಚಪ್ಪಲಿ ಹಾಕಿದ. ಬಸ್ಸು ತಪ್ಪಿತ್ತು. ನಿಂಬೆ ಚೀಲ ಹೇರಿದ ಟೆಂಪೋ ಹತ್ತಿ, ಚೀಲಗಳ ಮೇಲೆ ಕೂತು, ಟವೆಲ್ ಹೊದಿಸಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಸಿಂದಗಿ ಮುಟ್ಟಿದಾಗ ಮೇಯಲು ಹೋದ ದನಗಳೂ ಮನೆಗೆ ಮರಳಿರಲಿಲ್ಲ. ಆದರೆ ಮೋಡ ಕವಿದು ಮನೆ ಕತ್ತಲಾಗಿದೆಯೆಂದು ಆಯಿ, ನನ್ನ ಅಜ್ಜಿ, ಅಂದು ಬೇಗನೆ ದೀಪ ಹಚ್ಚಿಬಿಟ್ಟಿದ್ದಳು.

ಮುತ್ಯಾ ದೇವರ ಜಗುಲಿಯ ದೀಪದ ಕಡೆ ಕೈ ತೋರಿಸಿದ. “ಇನ್ನೂ ಹೊತ್ತ ಐತಲ್ರಿ!” ಎಂದು ಟೆಂಪೋದವನೇ ಜಗಳಕ್ಕೆ ನಿಂತ. ಅಪ್ಪ ಅವನನ್ನು ತಡೆದ. “ದೀಪ ಹಚ್ಯಾರ. ಮಾತಂದ್ರ ಮಾತು.” ಗುಳಿಗೆಗಳನ್ನು ಅವ್ವನ ಕೈಗಿಟ್ಟು, ಯಾವಾಗ ಕೊಡಬೇಕೆಂದು ಹೇಳಿ ಹೋದ.

ಮುಂದಿನ ರವಿವಾರ ಬಾಗಿಲು ಹಾಕಿತ್ತು. ಅಪ್ಪ ಆದರೂ ಬಂದ. ಎದುರಿನ ಸೈಕಲ್ ಅಂಗಡಿಯ ಮುಂದೆ, ನನ್ನ ಕಿಟಕಿಗೆ ಕಾಣುವ ಹಾಗೆ, ಸಂಜೆಯವರೆಗೂ ನಿಂತಿದ್ದ. ಕರೆಯಲಿಲ್ಲ, ಕೈ ಬೀಸಲಿಲ್ಲ. ಆಯಿ ದೀಪ ಹಚ್ಚಿದ ಮೇಲೆ ಹೋದ. ಅವ್ವ ನನ್ನ ಹಿಂದೆಯೇ ನಿಂತು ನೋಡುತ್ತಿದ್ದಳು. ಬಾಗಿಲು ತೆಗೆಯುವ ಧೈರ್ಯ ಅವಳಿಗಿರಲಿಲ್ಲ. ಆ ಮನೆಯಲ್ಲಿ ಅವಳೂ ನನ್ನಂತೆ ಹಂಗಿನ ಅನ್ನ ಉಣ್ಣುತ್ತಿದ್ದಳು.

ಮುತ್ಯಾ ತೀರಿಹೋದ. ನಾನು ದೊಡ್ಡವಳಾಗಿ ನೌಕರಿ ಹಿಡಿದೆ. ನನ್ನನ್ನು ತಡೆಯುವವರು ಯಾರೂ ಉಳಿಯಲಿಲ್ಲ, ಅಪ್ಪನೊಬ್ಬನನ್ನು ಬಿಟ್ಟು. ಇಂಡಿಗೆ ಹೋದಾಗಲೆಲ್ಲ ಹೊತ್ತು ಇಳಿಯುತ್ತಿದ್ದಂತೆ ಚಡಪಡಿಸುತ್ತಿದ್ದ. “ನಡಿ ನಡಿ, ನಿಮ್ಮವ್ವ ದಾರಿ ನೋಡ್ತಿರ್ತಾಳ.” ಒಂದು ರಾತ್ರಿಯೂ ಉಳಿಯಗೊಡಲಿಲ್ಲ. ಕೊಟ್ಟ ಮಾತು ಅವನ ಎಲುಬಿಗೆ ಇಳಿದುಬಿಟ್ಟಿತ್ತು. ಅದನ್ನು ನೆನೆದರೆ ಮುತ್ಯಾನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಹೋದ ವರ್ಷ ಡಾಕ್ಟರು ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದರು. ಇನ್ನು ಮನೆಗೆ ಕರೆದೊಯ್ಯಿರಿ ಎಂದರು. ಇಂಡಿಗೆ ಕರೆತಂದ ದಿನವೇ ಸುದ್ದಿ ತಿಳಿದು ಅವ್ವ ತಾನಾಗಿಯೇ ಬಂದಳು. ಅಂದೇ, ಹೊತ್ತು ಮುಳುಗುವಾಗ, ಅಪ್ಪ ಕಣ್ಣು ತೆರೆದು ನನ್ನನ್ನು ಹುಡುಕಿದ.

“ಏಳವ್ವಾ... ದೀಪ ಹಚ್ಚೂ ಹೊತ್ತಾತು. ಚಪ್ಪಲಿ ಹಾಕ್ಕೊ.”

ಅವ್ವ ಹಾಸಿಗೆಯ ಹತ್ತಿರ ಕೂತಳು. “ಇವತ್ತ ಇಲ್ಲೇ ಇರ್ತಾಳ್ರಿ. ನಾನೇ ಹೇಳಾಕತ್ತೇನಿ.”

“ಖರೇನ?”

“ಹೌದ್ರಿ, ಖರೇನ.”

ಅಪ್ಪ ಸ್ವಲ್ಪ ಹೊತ್ತಿಗೆ ಹೋಗಿಬಿಟ್ಟ. ತಲೆಯ ಹತ್ತಿರ ದೀಪ ಇಡಬೇಕು ಎಂದು ಓಣಿಯ ಹೆಣ್ಣುಮಕ್ಕಳು ಹಣತೆ ತಂದರು. ಎಣ್ಣೆ ಹಾಕಿ, ಬತ್ತಿ ಹೊಸೆದು, ನಾನೇ ಹಚ್ಚಿದೆ. ದೀಪ ಹಚ್ಚಿದ ಮೇಲೂ ಅಪ್ಪನ ಮನೆಯಲ್ಲಿ ನಾನು ಉಳಿದದ್ದು ಅದೇ ಮೊದಲು.