ಉದ್ದನೆಯ ಸೂಜಿ

ಅಕ್ಕನಿಗೆ ಏಳು ತಿಂಗಳಿಗೇ ಹೆರಿಗೆಯಾದಾಗ ನಾನು ಬೈಲಹೊಂಗಲದಲ್ಲಿ ಪಿಯುಸಿ ಓದುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಚಚಡಿಯ ನಮ್ಮ ಮನೆಯಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತವಳು ನಾನೊಬ್ಬಳೇ. ಹಾಗಾಗಿ ಬೈಲಹೊಂಗಲದ ಆಸ್ಪತ್ರೆಯಲ್ಲಿ ಡಾಕ್ಟರು ಬಾಯಿ ತೆರೆದರೆ ಸಾಕು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಹೆಣ್ಣು ಮಗು. ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಗಾಜಿನ ಪೆಟ್ಟಿಗೆಯೊಳಗೆ, ದೀಪದ ಶಾಖದಲ್ಲಿ ಮಲಗಿಸಿದ್ದರು. ಎರಡನೆಯ ದಿನ ಡಾಕ್ಟರು ಅದನ್ನು ನೋಡಿ, ಜೊತೆಗಿದ್ದ ಇನ್ನೊಬ್ಬ ಡಾಕ್ಟರಿಗೆ "ಇಟ್ಸ್ ಎ ಲಾಂಗ್ ಶಾಟ್" ಎಂದು ಹೇಳಿ ಹೊರಟುಹೋದರು.

"ಏನಂದ್ರು?" ಅಕ್ಕ ಕೇಳಿದಳು.

ಲಾಂಗ್ ಎಂದರೆ ಉದ್ದ. ಶಾಟ್ ಎಂದರೆ ಇಂಜೆಕ್ಷನ್ ಎಂದು ಎಲ್ಲೋ ಓದಿದ್ದೆ. "ಉದ್ದನ ಸೂಜಿ ಮಾಡ್ತಾರಂತ" ಎಂದುಬಿಟ್ಟೆ.

ಆ ಎಳೆ ಮೈಗೆ ಸೂಜಿ ಹೇಗೆ ಚುಚ್ಚುತ್ತಾರೋ ಎಂದು ಅಕ್ಕ ನಡುಗಿದಳು. ಆಮೇಲೆ, ಔಷಧವಾದರೂ ಇದೆಯಲ್ಲ ಎಂದು ಕಣ್ಣೊರೆಸಿಕೊಂಡಳು. ಹೆರಿಗೆಯಾದ ಮೇಲೆ ಅವಳು ಸರಿಯಾಗಿ ಉಂಡದ್ದು ಆವತ್ತೇ.

ಸೂಜಿ ಬರಲಿಲ್ಲ. ನರ್ಸ್ ಕೈಯಲ್ಲಿ ಟ್ರೇ ಕಂಡಾಗಲೆಲ್ಲ ಅಕ್ಕ ಎದ್ದು ಕೂರುತ್ತಿದ್ದಳು. ನಾನು ಹೇಳಿದ್ದೇ ತಪ್ಪಿರಬಹುದೇ ಎಂಬ ಅನುಮಾನ ಬಂತು. ನಾಲ್ಕನೆಯ ದಿನ ಕಾಲೇಜಿಗೆ ಹೋಗಿ ಇಂಗ್ಲಿಷ್ ಸರ್ ಅವರನ್ನು ಆ ಮಾತಿನ ಅರ್ಥ ಕೇಳಿದೆ.

"ಭಾಳ ದೂರದ ಗುರಿಗೆ ಹೊಡದಂಗ. ತಪ್ಪೂದ ಜಾಸ್ತಿ. ಆದ್ರೂ ಹೊಡದು ನೋಡೂದು" ಎಂದವರು, "ಯಾಕ, ಪಾಠದಾಗ ಬಂದಿತ್ತೇನು?" ಎಂದರು.

ಹೌದೆಂದು ಸುಳ್ಳು ಹೇಳಿ ಹೊರಬಂದೆ. ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ? ಹೇಳದೆ ಇದ್ದುಬಿಡಲೇ? ಆಸ್ಪತ್ರೆ ತಲುಪುವವರೆಗೂ ತೀರ್ಮಾನವಾಗಲಿಲ್ಲ. ಒಳಗೆ ಹೋದರೆ, ರಾಮದುರ್ಗದಿಂದ ಬಂದಿದ್ದ ಅಕ್ಕನ ಗಂಡ ಡಾಕ್ಟರಿಗೆ ಅಡ್ಡ ನಿಂತಿದ್ದರು.

"ಉದ್ದನ ಸೂಜಿ ಮಾಡ್ತೇವಿ ಅಂದಿದ್ರಂತ. ಇನ್ನೂ ಯಾಕ ಮಾಡಿಲ್ಲ? ಹಳ್ಳಿ ಮಂದಿ ಅಂತ ಬಿಟ್ರೇನು?"

"ಯಾವ ಸೂಜಿ?" ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ.

"ನಾನ ತಪ್ಪು ಹೇಳೇನಿ" ಎಂದೆ. "ಕೂಸು ಉಳಿಯೂದು ಕಷ್ಟ ಅಂತ ಅವರು ಅಂದಿದ್ದು."

ಅಕ್ಕ ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದಳು. ಅಳಲಿಲ್ಲ. "ಗೊತ್ತಿಲ್ಲ ಅನ್ನಾಕ ಏನಾಗಿತ್ತು ನಿನಗ?" ಎಂದಳು. ನಂತರ ಡಾಕ್ಟರ ಕಡೆ ತಿರುಗಿ, "ಸಾಹೇಬ್ರ, ಇನ್ನ ಮ್ಯಾಲೆ ಏನಿದ್ರೂ ನನಗ ಹೇಳ್ರಿ. ಕನ್ನಡದಾಗ ಹೇಳ್ರಿ" ಎಂದಳು.

ಮರುದಿನದಿಂದ ಡಾಕ್ಟರು ಅವಳ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, "ಇವತ್ತ ಉಸಿರು ಛಲೋ ಐತಿ. ನಾಳೆ ಹೆಂಗೋ ಹೇಳಾಕ ಬರೂದಿಲ್ಲ" ಎನ್ನುತ್ತಿದ್ದರು. ಅಕ್ಕ ತಲೆಯಾಡಿಸುತ್ತಿದ್ದಳು. ನನ್ನ ಜೊತೆ ಮಾತು ಬಿಟ್ಟಿದ್ದಳು.

ಹೀಗೆ ಒಂದೊಂದೇ ದಿನ ದಾಟಿ, ಐದು ವಾರದ ಮೇಲೆ ಮಗುವನ್ನು ಕಳಿಸಿಕೊಟ್ಟರು. ಬಸ್ಸು ಹತ್ತಿದ ಮೇಲೆ ಅಕ್ಕ ಅದನ್ನು ನನ್ನ ತೊಡೆಯ ಮೇಲಿಟ್ಟಳು. ಚಚಡಿ ಬರುವವರೆಗೂ ನಾನು ಕಿಟಕಿಯಾಚೆ ನೋಡಲಿಲ್ಲ. ಅದರ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಿದ್ದೆ.